ಗಿಡಗಳ ಮೀನುತೊಟ್ಟಿಗೆ ತಳಹಾಸು ಆಯ್ದುಕೊಳ್ಳುವುದು ಹೇಗೆ

ಗಿಡ ಬೆಳೆಸುವ ಸಿಹಿನೀರಿನ ಅಕ್ವೇರಿಯಂನಲ್ಲಿ ಬೆಳಕು ಸಾಲದೆ ಹೋದರೆ ಇನ್ನೊಂದು ದೀಪ ತೂಗುಹಾಕಬಹುದು, ಫಿಲ್ಟರ್ ದುರ್ಬಲವೆನಿಸಿದರೆ ಬೇರೆಯದನ್ನು ತರಬಹುದು, ಮೀನುಗಳು ಹೊಂದಿಕೊಳ್ಳದಿದ್ದರೆ ಮತ್ತೊಂದು ತೊಟ್ಟಿಗೆ ಸಾಗಿಸಬಹುದು. ತಳದಲ್ಲಿ ಹಾಸಿದ ಮರಳನ್ನೋ ಮಣ್ಣನ್ನೋ ಬದಲಿಸಬೇಕೆಂದರೆ ಮಾತ್ರ ನೀರು ಬಸಿದು, ಬೇರೂರಿದ ಗಿಡಗಳನ್ನು ಕಿತ್ತು, ಮೀನುಗಳನ್ನು ಬಕೆಟ್ಟಿನಲ್ಲಿ ಬಿಟ್ಟು, ತೊಟ್ಟಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಹೀಗಿದ್ದೂ ಅಂಗಡಿಗಳಲ್ಲಿ ಸಬ್‌ಸ್ಟ್ರೇಟ್ ಎಂದು ಕರೆಯುವ ಈ ತಳಹಾಸನ್ನು ಹೆಚ್ಚಿನವರು ಎಲ್ಲಕ್ಕಿಂತ ಕೊನೆಗೆ, ಬಣ್ಣ ನೋಡಿ ಕೊಂಡು ತರುತ್ತಾರೆ. ತಳಹಾಸಿಗೆ ಹಣ ಕೊಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು: ಯಾವ ಗಿಡಗಳನ್ನು ನೆಡಲಿದ್ದೀರಿ, ಮತ್ತು ನಿಮ್ಮ ಮನೆಯ ನಲ್ಲಿಯಲ್ಲಿ ಎಂಥ ನೀರು ಬರುತ್ತದೆ. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಉಳಿದ ಆಯ್ಕೆಗಳು ತಾವಾಗಿಯೇ ಕಿರಿದಾಗುತ್ತವೆ.

ಯಾವ ಗಿಡಕ್ಕೆ ತಳದ ಆಹಾರ ಬೇಕು

ನೀರಿನ ಗಿಡಗಳೆಲ್ಲವೂ ಒಂದೇ ಬಗೆಯಲ್ಲಿ ಉಣ್ಣುವುದಿಲ್ಲ. ಅನೂಬಿಯಾಸ್, ಜಾವಾ ಫರ್ನ್, ಬ್ಯುಸೆಫಲಾಂಡ್ರ ಮತ್ತು ಹಾವಸೆಯ ಜಾತಿಗಳು ಕಲ್ಲು, ಕಟ್ಟಿಗೆಗಳನ್ನು ಹಿಡಿದು ಬೆಳೆಯುವಂಥವು. ಅವಕ್ಕೆ ಬೇಕಾದ ಪೋಷಕಾಂಶ ನೀರಿನಿಂದಲೇ ಸಿಗುತ್ತದೆ. ಅನೂಬಿಯಾಸ್‌ನ ದಪ್ಪ ಕಾಂಡವನ್ನು ಮಣ್ಣಿನಲ್ಲಿ ಹೂತರೆ ಅದು ಕೊಳೆಯುತ್ತದೆ. ತೊಟ್ಟಿಯಲ್ಲಿ ಇಂಥ ಗಿಡಗಳಷ್ಟೇ ಇರುವುದಾದರೆ ತಳಕ್ಕೆ ಎರಡು ಸೆಂಟಿಮೀಟರ್ ತೊಳೆದ ಮರಳು ಸಾಕು, ದುಬಾರಿ ಮಣ್ಣು ತಂದು ಹಾಕುವುದು ವ್ಯರ್ಥ.

ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ, ಕ್ರೈನಂ, ನೈದಿಲೆ ಮುಂತಾದವುಗಳ ಮಾತು ಬೇರೆ. ಇವು ಬೇರಿನಿಂದ ಹೊಟ್ಟೆ ತುಂಬಿಸಿಕೊಳ್ಳುವ ಗಿಡಗಳು. ಎರಡು ವರ್ಷ ಒಂದೇ ಕಡೆ ಬೆಳೆದ ಅಮೆಜಾನ್ ಸ್ವೋರ್ಡನ್ನು ಕೀಳಹೋದರೆ ಅರ್ಧ ತೊಟ್ಟಿಯ ತಳವೇ ಅದರ ಜೊತೆಗೆ ಎದ್ದು ಬರುತ್ತದೆ; ಬಿಳಿಯ ದಾರದಂಥ ಬೇರುಗಳು ಮೂವತ್ತು ಸೆಂಟಿಮೀಟರ್ ದೂರದ ಗಾಜಿನ ಮೂಲೆಯವರೆಗೂ ಹರಡಿರುತ್ತವೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೋಸ್ಪೈರಾಲಿಸ್ ಮತ್ತು ಲಾಗೆನಾಂಡ್ರ ಮೀಬೋಲ್ಡಿಯೈ ಕೂಡ ಈ ಗುಂಪಿಗೇ ಸೇರುತ್ತವೆ. ಅವುಗಳನ್ನು ಕಾಡಿನ ಹೊಳೆಯಿಂದ ಕಿತ್ತು ತರುವ ಅಗತ್ಯವಿಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿಗಳು ಸಿಗುತ್ತವೆ, ತೊಟ್ಟಿಗೆ ಬೇಗ ಒಗ್ಗುವುದೂ ಅವೇ.

ರೊಟಾಲ, ಲಡ್ವಿಜಿಯಾ, ಹೈಗ್ರೊಫಿಲ ಮೊದಲಾದ ಕಡ್ಡಿಗಿಡಗಳು ಇವೆರಡರ ನಡುವೆ ನಿಲ್ಲುತ್ತವೆ. ನೀರಿಗೆ ದ್ರವಗೊಬ್ಬರ ಹಾಕಿದರೆ ಎಲೆಯಿಂದ ಹೀರುತ್ತವೆ, ತಳದಲ್ಲಿ ಪೋಷಣೆ ಇದ್ದರೆ ಬೇರಿನಿಂದಲೂ ಹೀರುತ್ತವೆ. ಇವಕ್ಕೆ ತಳಹಾಸಿನ ಸತ್ವಕ್ಕಿಂತ ಕಾಳಿನ ಗಾತ್ರ ಮುಖ್ಯ. ದೊಡ್ಡ ಜಲ್ಲಿಯಲ್ಲಿ ನೆಟ್ಟ ರೊಟಾಲ ಕಡ್ಡಿ ಸಂಜೆಯಾಗುವಷ್ಟರಲ್ಲಿ ಮೇಲಕ್ಕೆ ತೇಲಿ ಬಂದಿರುತ್ತದೆ.

ತಳಹಾಸಿನ ಇನ್ನೊಂದು ಗುಣವನ್ನು ಇಲ್ಲಿಯೇ ಹೇಳಬೇಕು. ಜೇಡಿಮಣ್ಣು ಮತ್ತು ಕೊಳೆತ ಸಾವಯವ ಪದಾರ್ಥದ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಆದ್ದರಿಂದ ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ ಧನ ಅಯಾನುಗಳು ಆ ಕಣಗಳಿಗೆ ಅಂಟಿಕೊಂಡಿದ್ದು, ಬೇರು ಬೇಡಿದಾಗ ಕಣಗಳು ಅವನ್ನು ಬಿಟ್ಟುಕೊಡುತ್ತವೆ. ಹೊಲದ ಮಣ್ಣು ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವುದು ಇದೇ ಗುಣದಿಂದ. ಮರಳಿಗೂ ಬೆಣಚುಕಲ್ಲಿಗೂ ಈ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಹಾಗೆಂದು ಮರಳು ಕೆಟ್ಟದ್ದಲ್ಲ. ಅದು ಖಾಲಿ ಉಗ್ರಾಣವಿದ್ದಂತೆ, ಅದಕ್ಕೆ ಬೇಕಾದ ದಾಸ್ತಾನನ್ನು ನೀವೇ ಕಾಲಕಾಲಕ್ಕೆ ಒದಗಿಸುತ್ತಿರಬೇಕು.

ನಲ್ಲಿಯ ನೀರನ್ನು ಮೊದಲು ಅರಿಯಿರಿ

ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ. ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ನೀರು ಕಾಯಿಸುವ ಕಾಯಿಲ್‌ಗೆ ಬಿಳಿಯ ಹೆಕ್ಕಳ ಕಟ್ಟುವುದು, ಸಾಬೂನು ನೊರೆ ಬಿಡದಿರುವುದು ಅದರ ಗುರುತು. ಕಾವೇರಿ ನೀರು ಅದಕ್ಕಿಂತ ಮೃದು. ಕರಾವಳಿ ಮತ್ತು ಮಲೆನಾಡಿನ ಕೆಂಪುಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಬಹಳ ಮೃದುವಾಗಿದ್ದು, ಎಷ್ಟೋ ಕಡೆ ತುಸು ಆಮ್ಲೀಯವೂ ಆಗಿರುತ್ತದೆ. ಮಣ್ಣನ್ನು ಕಾಳುಗಳಾಗಿ ಮಾಡಿ ಮಾರುವ ಅಕ್ವಾಸಾಯಿಲ್ ಎಂಬ ಒಂದೇ ತಳಹಾಸು ಮಂಗಳೂರಿನ ಬಾವಿನೀರಿನಲ್ಲಿ ಒಂದು ಬಗೆಯಾಗಿಯೂ ಕೋಲಾರದ ಕೊಳವೆಬಾವಿ ನೀರಿನಲ್ಲಿ ಮತ್ತೊಂದು ಬಗೆಯಾಗಿಯೂ ನಡೆದುಕೊಳ್ಳುತ್ತದೆ.

ಅಳೆಯಬೇಕಾದದ್ದು ಮುಖ್ಯವಾಗಿ ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ. ಹನಿ ಹಾಕಿ ನೋಡುವ ಸಣ್ಣ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಈ ಅಳತೆಯ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಕೆಎಚ್ ನಾಲ್ಕಕ್ಕಿಂತ ಕಡಿಮೆಯಿದ್ದರೆ ಯಾವ ತಳಹಾಸನ್ನಾದರೂ ಯೋಚಿಸಬಹುದು. ಎಂಟರ ಮೇಲಿದ್ದರೆ ಅಕ್ವಾಸಾಯಿಲ್ ಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು.

ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಒಂದು ಅಂಶವನ್ನು ಗಮನಿಸಬೇಕು. ಕಟ್ಟಡಕ್ಕೆ ವಾಟರ್ ಸಾಫ್ಟನರ್ ಹಾಕಿದ್ದರೆ ನೀರು ಮೃದುವಾಗಿದೆ ಎಂದು ಭಾವಿಸುವುದು ಸಹಜ. ಆದರೆ ಸಾಫ್ಟನರ್ ಮಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುವುದನ್ನಷ್ಟೇ. ಬೈಕಾರ್ಬೊನೇಟ್ ಹಾಗೆಯೇ ಉಳಿಯುತ್ತದೆ, ಕೆಎಚ್ ಇಳಿಯುವುದಿಲ್ಲ. ಗಿಡಗಳಿಗೆ ಬೇಕಾದ ಕ್ಯಾಲ್ಸಿಯಂ ಹೋಗಿ, ಬೇಡದ ಸೋಡಿಯಂ ಬಂದಿರುತ್ತದೆ. ಇಂಥ ನೀರಿಗಿಂತ ಸಾಫ್ಟನರ್‌ಗೆ ಮೊದಲಿನ ಗಡಸು ನೀರೇ ಗಿಡಗಳಿಗೆ ಮೇಲು. ಮೃದು ನೀರೇ ಬೇಕಿದ್ದರೆ ಆ ಗಡಸು ನೀರಿಗೆ ಆರ್‌ಒ ನೀರನ್ನು ಬೆರೆಸಿಕೊಳ್ಳಬೇಕು.

ಕಲ್ಲನ್ನು ಪರೀಕ್ಷಿಸುವ ಬಗೆ

ಮರಳಾಗಲಿ ಜಲ್ಲಿಯಾಗಲಿ ನೀರಿಗೆ ಸುಣ್ಣ ಬಿಡಬಾರದು. ಇದನ್ನು ಅಡುಗೆಮನೆಯಲ್ಲಿಯೇ ತಿಳಿಯಬಹುದು. ಒಂದು ಚಮಚ ಒಣಗಿದ ಕಲ್ಲನ್ನು ಪಿಂಗಾಣಿ ಬಟ್ಟಲಿನಲ್ಲಿ ಹಾಕಿ, ಅದು ಮುಳುಗುವಷ್ಟು ಬಿಳಿ ವಿನಿಗರ್ ಸುರಿದು, ಕಣ್ಣನ್ನು ಹತ್ತಿರ ಒಯ್ದು ನೋಡಿ. ಸುರಿದೊಡನೆ ಏಳುವ ಒಂದೆರಡು ಗುಳ್ಳೆಗಳು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯಷ್ಟೇ, ಅವು ತಕ್ಷಣ ನಿಲ್ಲುತ್ತವೆ. ಕಲ್ಲಿನ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡಿ, ಬಿಟ್ಟು ಹೋಗಿ, ಅದೇ ಜಾಗದಲ್ಲಿ ಮತ್ತೆ ಮೂಡುತ್ತಿದ್ದರೆ, ಬಟ್ಟಲನ್ನು ಕಿವಿಗೆ ಹಿಡಿದಾಗ ಸಣ್ಣಗೆ ಚಿಟಚಿಟ ಸದ್ದು ಕೇಳಿದರೆ, ಅದರಲ್ಲಿ ಕಾರ್ಬೊನೇಟ್ ಇದೆ ಎಂದೇ ಅರ್ಥ.

ನಾನು ಮೊದಲ ತೊಟ್ಟಿ ಕಟ್ಟಿದಾಗ ಬೆಣಚುಕಲ್ಲೆಂದು ಕೊಟ್ಟ ಬಿಳಿಯ ಕಲ್ಲುಗಳನ್ನು ನಂಬಿ ಹತ್ತು ಕಿಲೋ ತಂದಿದ್ದೆ. ವ್ಯಾಲಿಸ್ನೇರಿಯಾ ಚೆನ್ನಾಗಿಯೇ ಬೆಳೆಯಿತು, ಏಕೆಂದರೆ ಅದು ಬೈಕಾರ್ಬೊನೇಟಿನಿಂದಲೂ ಇಂಗಾಲ ಪಡೆಯಬಲ್ಲ ಗಿಡ. ಆದರೆ ಮೃದು ನೀರನ್ನು ಬಯಸುವ, ದಕ್ಷಿಣ ಭಾರತದ್ದೇ ಆದ ರೊಟಾಲ ಮ್ಯಾಕ್ರಾಂಡ್ರದ ತುದಿಗಳು ಮುದುಡಿಕೊಂಡು, ಹೊಸ ಎಲೆಗಳು ಅಕ್ಕಿಕಾಳಿನಷ್ಟಕ್ಕೇ ನಿಂತುಬಿಟ್ಟವು. ಗೊಬ್ಬರ, ಬೆಳಕು ಎಲ್ಲವನ್ನೂ ಬದಲಿಸಿ ಸೋತ ಮೇಲೆ ಒಂದು ಕಲ್ಲನ್ನು ವಿನಿಗರಿಗೆ ಹಾಕಿ ನೋಡಿದೆ; ಅದು ಅಮೃತಶಿಲೆಯ ಚೂರು. ಬೆಣಚು ಗಾಜನ್ನು ಗೀರುತ್ತದೆ, ಅಮೃತಶಿಲೆಯನ್ನು ಚಾಕುವಿನ ಮೊನೆಯೇ ಗೀರುತ್ತದೆ. ಒಡೆದ ಬಾಟಲಿಯ ಚೂರೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದರೆ ಅಂಗಡಿಯಲ್ಲಿಯೇ ಗೊತ್ತಾಗುತ್ತಿತ್ತು.

ಹವಳದ ಪುಡಿ, ಕಪ್ಪೆಚಿಪ್ಪಿನ ಚೂರು, ಸಮುದ್ರದ ಮರಳು ಇವೆಲ್ಲ ಇದೇ ಕಾರಣಕ್ಕೆ ಬೇಡ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲಿನ ಜಲ್ಲಿ ಸ್ವತಃ ನಿರುಪದ್ರವಿಯಾದರೂ ಅದರ ಪೊಟರೆಗಳಲ್ಲಿ ಕ್ಯಾಲ್ಸೈಟ್ ಎಂಬ ಬಿಳಿಯ ಸುಣ್ಣದ ಹರಳು ತುಂಬಿಕೊಂಡಿರುವುದುಂಟು, ಆದ್ದರಿಂದ ಅದನ್ನೂ ಪರೀಕ್ಷಿಸಿಯೇ ಬಳಸಬೇಕು. ಬಣ್ಣ ಬಳಿದ ಕಲ್ಲುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬಣ್ಣ ಸುಲಿಯುತ್ತದೆ, ಕೊಳ್ಳಬೇಡಿ.

ಮರಳು

ಗಡಸು ನೀರಿನ ಮನೆಗಳಿಗೆ ಮತ್ತು ಹೊಸಬರಿಗೆ ನನ್ನ ಮೊದಲ ಸಲಹೆ ಮರಳು. ಅದು ನೀರಿನ ಗುಣವನ್ನು ಬದಲಿಸುವುದಿಲ್ಲ, ಹತ್ತು ವರ್ಷವಾದರೂ ಸವೆಯುವುದಿಲ್ಲ, ಗಿಡ ಕಿತ್ತು ಬೇರೆಡೆ ನೆಟ್ಟರೆ ನೀರು ಕದಡುವುದಿಲ್ಲ. ಬಾಯಿಯ ಮೀಸೆಗಳಿಂದ ತಳ ತಡಕುವ ಕೋರಿಡೋರಸ್ ಮತ್ತು ಮರಳಿನೊಳಗೆ ನುಸುಳುವ ಕೂಲಿ ಲೋಚ್ ಮೀನುಗಳಿಗೆ ನುಣುಪಾದ ಮರಳೇ ಆಗಬೇಕು.

ಕಾಳಿನ ಗಾತ್ರ ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಗಿಡಗಳಿಗೆ ಅತ್ಯುತ್ತಮ. ಅರ್ಧ ಮಿಲಿಮೀಟರಿನಷ್ಟು ನಯವಾದದ್ದೂ ನಡೆಯುತ್ತದೆ, ಆದರೆ ಹಿಟ್ಟಿನಂಥ ಮರಳು ಗಟ್ಟಿಯಾಗಿ ಕುಳಿತು ಒಳಗೆ ನೀರಾಡದಂತೆ ಮಾಡುತ್ತದೆ. ಐದು ಮಿಲಿಮೀಟರ್ ದಾಟಿದ ಜಲ್ಲಿಯ ಸಂದಿಗಳಲ್ಲಿ ಮೀನಿನ ಆಹಾರ ಬಿದ್ದು ಕೊಳೆಯುತ್ತದೆ. ನದಿಯ ಮರಳು ಸಿಗುವುದೇ ಈಗ ಕಷ್ಟ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಗ್ರಾನೈಟ್ ಪುಡಿ ಮಾಡಿದ್ದಾದ್ದರಿಂದ ಅಂಚುಗಳು ಚೂಪಾಗಿರುತ್ತವೆ, ಧೂಳು ಎಷ್ಟು ತೊಳೆದರೂ ಮುಗಿಯುವುದಿಲ್ಲ. ನಾನು ಕಂಡುಕೊಂಡ ದಾರಿಯೆಂದರೆ ನೀರು ಶುದ್ಧೀಕರಣದ ಸಾಮಾನು ಮಾರುವ ಅಂಗಡಿಗಳು. ಈಜುಕೊಳ ಮತ್ತು ಬೋರ್‌ವೆಲ್ ಫಿಲ್ಟರುಗಳಿಗೆ ಹಾಕುವ ಸಿಲಿಕಾ ಮರಳು ಅಲ್ಲಿ ಗಾತ್ರದ ಪ್ರಕಾರ ಜರಡಿ ಹಿಡಿದ ಚೀಲಗಳಲ್ಲಿ ಸಿಗುತ್ತದೆ, ಅಕ್ವೇರಿಯಂ ಹೆಸರಿನಲ್ಲಿ ಮಾರುವ ಮರಳಿಗಿಂತ ಎಷ್ಟೋ ಅಗ್ಗ. ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಚುಚ್ಚಿದರೆ ಬೇರೆ ಚೀಲ ಕೇಳಿ.

ಮರಳನ್ನು ಆಯ್ದುಕೊಂಡವರು ಬೇರಿನ ಬುಡಕ್ಕೆ ಗೊಬ್ಬರದ ಗುಳಿಗೆ ಇಡುವುದನ್ನು ಮರೆಯಬಾರದು. ರೂಟ್ ಟ್ಯಾಬ್ ಎಂಬ ಈ ಗುಳಿಗೆಯನ್ನು ಚಿಮುಟದಲ್ಲಿ ಹಿಡಿದು, ಹತ್ತರಿಂದ ಹದಿನೈದು ಸೆಂಟಿಮೀಟರಿಗೊಂದರಂತೆ, ಸಾಧ್ಯವಾದಷ್ಟು ಆಳಕ್ಕೆ, ತಳದ ಗಾಜಿನ ಹತ್ತಿರದವರೆಗೆ ಒತ್ತಬೇಕು. ಮೇಲೆಯೇ ಉಳಿದರೆ ಅದು ನೀರಿಗೆ ಕರಗಿ ಪಾಚಿಗೆ ಊಟವಾಗುತ್ತದೆ. ಮೂರು ತಿಂಗಳಿಗೊಮ್ಮೆ ಹೊಸದನ್ನು ಇಡುವುದು ವಾಡಿಕೆ. ಸ್ವೋರ್ಡಿನ ಹಳೆಯ ಎಲೆಗಳು ಹಳದಿಯಾಗತೊಡಗಿದರೆ ಅದಕ್ಕೂ ಮುಂಚೆ ಇಡಿ.

ಅಕ್ವಾಸಾಯಿಲ್

ಜಪಾನಿನ ನಿಗಾಟದವರಾದ ತಕಾಶಿ ಅಮಾನೊ 1982ರಲ್ಲಿ ಸ್ಥಾಪಿಸಿದ ಅಕ್ವಾ ಡಿಸೈನ್ ಅಮಾನೊ ಸಂಸ್ಥೆಯ ಮೂಲಕ ಹೆಸರಾದದ್ದು ಈ ಬಗೆಯ ತಳಹಾಸು. ಸಾವಯವ ಸತ್ವವಿರುವ ಮಣ್ಣನ್ನು ಕಾಳುಗಳಾಗಿ ಮಾಡಿ ಹದವಾದ ಬಿಸಿಯಲ್ಲಿ ಒಣಗಿಸಿರುತ್ತಾರೆ. ಬೆರಳುಗಳ ನಡುವೆ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಿರುತ್ತದೆ. ಆದ್ದರಿಂದ ಇದನ್ನು ಮರಳಿನಂತೆ ತೊಳೆಯಬಾರದು, ಚೀಲದಿಂದ ನೇರವಾಗಿ ತೊಟ್ಟಿಗೆ ಸುರಿಯಬೇಕು.

ಇದರ ದೊಡ್ಡ ಗುಣ ಎರಡು. ಒಂದು, ಪೋಷಕಾಂಶ ತುಂಬಿಕೊಂಡೇ ಬಂದಿರುತ್ತದೆ, ಹೊರಗಿನಿಂದ ಹಾಕಿದ್ದನ್ನೂ ಹಿಡಿದಿಡುತ್ತದೆ. ಎರಡು, ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೀರಿಕೊಂಡು ಹೈಡ್ರೋಜನ್ ಅಯಾನುಗಳನ್ನು ಬಿಡುವುದರಿಂದ ಕೆಎಚ್ ಕುಗ್ಗಿ, ನೀರಿನ ಆಮ್ಲೀಯತೆಯ ಅಳತೆಯಾದ ಪಿಎಚ್ (ಏಳಕ್ಕಿಂತ ಕೆಳಗಾದರೆ ಆಮ್ಲೀಯ) ಆರು, ಆರೂವರೆಯ ಆಸುಪಾಸಿಗೆ ಇಳಿಯುತ್ತದೆ. ನೆಲಕ್ಕೆ ಹರಡುವ ಹುಲ್ಲಿನಂಥ ಗಿಡಗಳಿಗೆ, ಕೆಂಪು ರೊಟಾಲಗಳಿಗೆ, ಕ್ಯಾರಿಡಿನ ಸೀಗಡಿಗಳಿಗೆ ಇದು ಹೇಳಿ ಮಾಡಿಸಿದ್ದು. ಸಾಮಾನ್ಯ ಚೆರಿ ಸೀಗಡಿಗಳಿಗೆ ಇದರ ಅಗತ್ಯವಿಲ್ಲ. ಅವು ತುಸು ಗಡಸು ನೀರಿನಲ್ಲಿ, ಮರಳಿನ ತಳದ ಮೇಲೆ ಇನ್ನೂ ಚೆನ್ನಾಗಿ ಸಂಸಾರ ಬೆಳೆಸುತ್ತವೆ.

ಆದರೆ ಈ ಎರಡನೆಯ ಗುಣಕ್ಕೆ ಮಿತಿಯಿದೆ. ಪ್ರತಿ ವಾರ ಬದಲಿಸುವ ನೀರಿನಲ್ಲಿ ಎಷ್ಟು ಕಾರ್ಬೊನೇಟ್ ಬರುತ್ತದೋ ಅಷ್ಟು ಶಕ್ತಿ ಮಣ್ಣಿನಿಂದ ಖರ್ಚಾಗುತ್ತದೆ. ಒಂಬತ್ತು ಲೀಟರಿನ ಚೀಲವನ್ನು ಹಾಕಿ, ಕೆಎಚ್ ಹನ್ನೊಂದರ ಕೊಳವೆಬಾವಿ ನೀರನ್ನು ವಾರಕ್ಕೆ ಅರ್ಧ ತೊಟ್ಟಿಯಷ್ಟು ಬದಲಿಸುತ್ತಿದ್ದ ನನ್ನ ಎರಡಡಿ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಪಿಎಚ್ 6.6 ತೋರಿಸಿತು, ಮೂರನೆಯ ತಿಂಗಳು ಮುಗಿಯುವ ಮೊದಲೇ 7.6ಕ್ಕೆ ಮರಳಿತು. ಮಣ್ಣು ಗೊಬ್ಬರವನ್ನು ಹಿಡಿದಿಡುವ ಕೆಲಸವನ್ನು ಮುಂದುವರಿಸಿತಾದರೂ, ಮೃದು ನೀರಿಗಾಗಿ ಕೊಟ್ಟ ಹೆಚ್ಚಿನ ಹಣ ಅಲ್ಲಿಗೆ ಮುಗಿಯಿತು. ಅಕ್ವಾಸಾಯಿಲ್ ಕೊಳ್ಳುವವರು ಅದರ ಜೊತೆಗೆ ಮೃದು ನೀರಿನ ಏರ್ಪಾಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮತ್ತೊಂದು ಎಚ್ಚರಿಕೆ ಅಮೋನಿಯದ್ದು. ಸತ್ವಭರಿತ ಅಕ್ವಾಸಾಯಿಲ್ ಮೊದಲ ಕೆಲವು ವಾರ ಧಾರಾಳವಾಗಿ ಅಮೋನಿಯ ಬಿಡುತ್ತದೆ. ಪಿಎಚ್ ಏಳಕ್ಕಿಂತ ಕೆಳಗಿರುವಾಗ ಅದರ ಬಹುಭಾಗ ಕಡಿಮೆ ವಿಷಕಾರಿಯಾದ ಅಮೋನಿಯಂ ರೂಪದಲ್ಲಿರುತ್ತದೆ, ಗಿಡಗಳು ಅದನ್ನು ಆಸೆಯಿಂದ ಹೀರುತ್ತವೆ. ಆದರೆ ಮೀನಿಗೂ ಸೀಗಡಿಗೂ ಅದು ಸುರಕ್ಷಿತವೆಂದು ಎಂದಿಗೂ ಭಾವಿಸಬಾರದು. ಮೊದಲ ವಾರ ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೆ ಎರಡು ಬಾರಿ ಅರ್ಧದಷ್ಟು ನೀರು ಬದಲಿಸುತ್ತ, ಅಮೋನಿಯ ಮತ್ತು ಅದರಿಂದ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಅಲ್ಲಿಯೇ ನಿಂತ ಮೇಲಷ್ಟೇ ಜೀವಿಗಳನ್ನು ಬಿಡಬೇಕು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು.

ಊರಿನ ಮಣ್ಣು, ಮೇಲೊಂದು ಮರಳಿನ ಹೊದಿಕೆ

ಕಡಿಮೆ ಖರ್ಚಿನಲ್ಲಿ ಸಮೃದ್ಧವಾದ ತೊಟ್ಟಿ ಬೇಕೆನ್ನುವವರಿಗೆ ಇದು ಉತ್ತಮ ಮಾರ್ಗ, ನನಗೆ ಅತ್ಯಂತ ಪ್ರಿಯವಾದದ್ದೂ ಹೌದು. ಎರಡೂವರೆ ಸೆಂಟಿಮೀಟರ್ ಮಣ್ಣು, ಅದರ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಮರಳು ಅಥವಾ ಸಣ್ಣ ಜಲ್ಲಿ. ಒಳಗೆ ನಡೆಯುವುದು ನಾಟಿ ಮಾಡಿದ ಗದ್ದೆಯ ರಸಾಯನಶಾಸ್ತ್ರವೇ. ಮುಳುಗಿದ ಮಣ್ಣಿನಲ್ಲಿ ಮೇಲಿನ ಕೆಲವು ಮಿಲಿಮೀಟರ್ ಬಿಟ್ಟರೆ ಕೆಳಗೆ ಆಮ್ಲಜನಕ ಇರುವುದಿಲ್ಲ. ತುಕ್ಕಿನ ರೂಪದಲ್ಲಿದ್ದ ಕಬ್ಬಿಣ ಅಲ್ಲಿ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿ ಬೇರಿಗೆ ದೊರೆಯುತ್ತದೆ. ಗಿಡವೂ ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಸಿ ತನ್ನ ಸುತ್ತಲಿನ ಮಣ್ಣನ್ನು ಆರೋಗ್ಯವಾಗಿಡುತ್ತದೆ. ಇಂಥ ತಳದಿಂದ ಕಿತ್ತ ಬೇರಿನ ಮೇಲೆ ಇಟ್ಟಿಗೆಬಣ್ಣದ ತೆಳುಲೇಪ ಕಂಡರೆ ಹೆದರಬೇಡಿ. ಬೇರು ಬಿಟ್ಟ ಆಮ್ಲಜನಕ ತಗುಲಿ ಕಬ್ಬಿಣ ಮತ್ತೆ ತುಕ್ಕಾಗಿ ಕುಳಿತದ್ದು ಅದು, ಭತ್ತದ ಬೇರಿನಲ್ಲಿಯೂ ಹೀಗೆಯೇ ಇರುತ್ತದೆ.

ಯಾವ ಮಣ್ಣು ಎಂಬುದು ಮುಖ್ಯ. ಹೊಲದ ಅಥವಾ ಹಿತ್ತಲಿನ ಸಾಧಾರಣ ಕೆಂಪುಮಣ್ಣು ಒಳ್ಳೆಯದು. ಉತ್ತರ ಕರ್ನಾಟಕದ ಎರೆಮಣ್ಣು ಪೋಷಕಾಂಶ ಹಿಡಿದಿಡುವುದರಲ್ಲಿ ಕೆಂಪುಮಣ್ಣಿಗಿಂತ ಎಷ್ಟೋ ಮುಂದಿದೆ. ಆದರೆ ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ, ಕಣಗಳು ತೀರ ನಯವಾಗಿದ್ದು ಒಮ್ಮೆ ಕದಡಿದರೆ ದಿನಗಟ್ಟಲೆ ನೀರು ತಿಳಿಯಾಗುವುದಿಲ್ಲ. ಹಿಡಿಯಷ್ಟನ್ನು ಕೆಂಪುಮಣ್ಣಿಗೆ ಬೆರೆಸಬಹುದು, ಇಡಿಯಾಗಿ ಬೇಡ. ರೈತರು ಹೊಲಕ್ಕೆ ಹೊಡೆಸುವ ಕೆರೆಯ ಗೋಡು ಹಳ್ಳಿಯ ಶುದ್ಧ ಕೆರೆಯದಾದರೆ ಸರಿ. ನಗರದ ಚರಂಡಿ ಸೇರುವ ಕೆರೆಯದ್ದನ್ನು ಮುಟ್ಟಬೇಡಿ. ಮಲೆನಾಡು ಮತ್ತು ಕರಾವಳಿಯವರು ಅಡಿಕೆ ತೋಟದ, ಕಾಫಿ ತೋಟದ ಮಣ್ಣನ್ನು ತರಲೇಬಾರದು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಕಾಫಿ ತೋಟಗಳಲ್ಲಿಯೂ ಅದನ್ನು ಬಳಸುತ್ತಾರೆ; ವರ್ಷಗಳಿಂದ ಮಣ್ಣಿನಲ್ಲಿ ಸೇರಿಕೊಂಡ ಆ ತಾಮ್ರ ಸೀಗಡಿ ಮತ್ತು ಬಸವನಹುಳುಗಳನ್ನು ಕೊಲ್ಲಬಲ್ಲದು. ನರ್ಸರಿಯಲ್ಲಿ ಮಾರುವ ಮಿಶ್ರಣದಲ್ಲಿ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ, ಪರ್ಲೈಟ್ ಸೇರಿರುತ್ತವೆ. ಮೊದಲನೆಯದು ಅಮೋನಿಯ ಬಿಡುತ್ತದೆ, ಉಳಿದೆರಡು ತೇಲುತ್ತವೆ.

ಮಣ್ಣಿನ ಸ್ವಭಾವ ತಿಳಿಯಲು ಒಂದು ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ರೇವೆಮಣ್ಣು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಜೇಡಿ ಮರುದಿನದವರೆಗೂ ನೀರನ್ನು ಮಬ್ಬಾಗಿಸಿಯೇ ಇರುತ್ತದೆ. ಕಸಕಡ್ಡಿ ಮೇಲೆ ತೇಲುತ್ತದೆ. ಪದರಗಳಲ್ಲಿ ಜೇಡಿಯೇ ಅರ್ಧಕ್ಕಿಂತ ಹೆಚ್ಚಿದ್ದರೆ ಮಣ್ಣಿಗೆ ಮರಳು ಬೆರೆಸಬೇಕು.

ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಮಣ್ಣನ್ನು ರವೆ ಜರಡಿಯಲ್ಲಿ ಸಾಣಿಸಿ, ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ನೀರು ಚಿಮುಕಿಸಿ ಒದ್ದೆ ಮಾಡಿ, ಬಿಸಿಲಿಗೆ ಪೂರ್ತಿ ಒಣಗಲು ಬಿಡಿ. ಹೀಗೆ ನಾಲ್ಕೈದು ಬಾರಿ ಮಾಡಿದರೆ ಸುಲಭವಾಗಿ ಕೊಳೆಯುವ ಸಾವಯವ ಪದಾರ್ಥ ಬಹುಮಟ್ಟಿಗೆ ಕರಗಿಹೋಗುತ್ತದೆ. ಮೊದಲ ಸಲ ಒದ್ದೆ ಮಾಡಿದಾಗ ಇದ್ದ ಕೊಟ್ಟಿಗೆಯ ವಾಸನೆ ಹೋಗಿ, ಹೊಸ ಮಳೆ ಬಿದ್ದ ನೆಲದ ವಾಸನೆ ಬಂದಾಗ ಮಣ್ಣು ಸಿದ್ಧವಾಗಿದೆ ಎಂದು ತಿಳಿಯಬಹುದು. ಬೇಸಿಗೆಯಲ್ಲಿ ಇದು ಎರಡು ವಾರದ ಕೆಲಸ.

ನೆಲವನ್ನು ಅಗೆಯುವ ಸಿಕ್ಲಿಡ್, ಗೋಲ್ಡ್‌ಫಿಶ್ ಸಾಕುವವರಿಗೂ, ವಾರಕ್ಕೊಮ್ಮೆ ಗಿಡಗಳನ್ನು ಸ್ಥಳಾಂತರಿಸುವ ಅಭ್ಯಾಸವಿರುವವರಿಗೂ ಮಣ್ಣಿನ ತಳ ತಕ್ಕದ್ದಲ್ಲ.

ಜಂಬಿಟ್ಟಿಗೆಯ ಪುಡಿ

ಕರಾವಳಿಯವರಿಗೆ ಬಾಗಿಲಲ್ಲಿಯೇ ಸಿಗುವ ಒಂದು ವಸ್ತುವಿದೆ, ಜಂಬಿಟ್ಟಿಗೆ ಎಂಬ ಕೆಂಪುಕಲ್ಲು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕೆಂಪುಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರದು. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆ ಕುಳಿತಿರುವುದು ನನಗೆ ಸದಾ ಸಂತೋಷ ಕೊಡುವ ಸಂಗತಿ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಇದೇ ಲ್ಯಾಟರೈಟನ್ನು ಜಲ್ಲಿಯ ಕೆಳಪದರಕ್ಕೆ ಬೆರೆಸಿ, ತಳದಲ್ಲಿ ಬಿಸಿಮಾಡುವ ತಂತಿ ಹಾಸಿ ಗಿಡ ಬೆಳೆಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಕಬ್ಬಿಣ ಹೇರಳವಾಗಿರುವುದೇ ಇದರ ಬೆಲೆ. ಸಾರಜನಕ, ಪೊಟ್ಯಾಸಿಯಂ ಇದರಲ್ಲಿ ಅತ್ಯಲ್ಪ, ಪೋಷಕಾಂಶ ಹಿಡಿದಿಡುವ ಶಕ್ತಿಯೂ ಎರೆಮಣ್ಣಿನಷ್ಟಿಲ್ಲ. ಆದ್ದರಿಂದ ಇದನ್ನು ಸಂಪೂರ್ಣ ಆಹಾರವೆಂದು ತಿಳಿಯದೆ, ಮರಳಿನ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಕಡಲೆಕಾಳಿನಿಂದ ರವೆಯ ಗಾತ್ರದವರೆಗಿನ ತೊಳೆದ ಪುಡಿಯನ್ನು ಬೆರೆಸಿ, ಜೊತೆಗೆ ಗುಳಿಗೆಗಳನ್ನೂ ಇಡಬೇಕು. ಸುಟ್ಟ ಜೇಡಿಮಣ್ಣಿನ ಸಿದ್ಧ ಕಾಳುಗಳು, ಉದಾಹರಣೆಗೆ ಸೀಕೆಮ್ ಫ್ಲೋರೈಟ್, ಸುಮಾರಾಗಿ ಇದೇ ಕೆಲಸ ಮಾಡುತ್ತವೆ, ಬೆಲೆ ಮಾತ್ರ ಹೆಚ್ಚು.

ಎಷ್ಟು ಬೇಕು, ಹಾಸುವುದು ಹೇಗೆ

ಮುಂದಿನ ಗಾಜಿನ ಬಳಿ ನಾಲ್ಕು, ಹಿಂದೆ ಎಂಟು ಸೆಂಟಿಮೀಟರ್ ಎತ್ತರ ಹೆಚ್ಚಿನ ತೊಟ್ಟಿಗಳಿಗೆ ಒಪ್ಪುತ್ತದೆ. ಇಳಿಜಾರು ಕಣ್ಣಿಗೆ ಆಳದ ಭಾವನೆ ಕೊಡುತ್ತದೆ, ದೊಡ್ಡ ಬೇರಿನ ಗಿಡಗಳಿಗೆ ಹಿಂದೆ ಜಾಗವೂ ಸಿಗುತ್ತದೆ. ಉದ್ದ, ಅಗಲ, ಸರಾಸರಿ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಲೆಕ್ಕ ಬರುತ್ತದೆ. ಅರವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಅಗಲದ ತೊಟ್ಟಿಗೆ ಸರಾಸರಿ ಆರು ಸೆಂಟಿಮೀಟರ್ ಹಾಸಲು 10.8 ಲೀಟರ್ ಬೇಕು. ಒಣ ಮರಳು ಲೀಟರಿಗೆ ಸುಮಾರು 1.6 ಕಿಲೋ ತೂಗುವುದರಿಂದ ಅದು ಹದಿನೇಳು ಕಿಲೋ ಆಯಿತು. ಸ್ಟ್ಯಾಂಡ್ ಆ ಭಾರವನ್ನೂ ನೀರಿನ ಭಾರವನ್ನೂ ತಾಳಬೇಕು.

ದೊಡ್ಡ ಕಲ್ಲುಗಳಿದ್ದರೆ ತಳದ ಗಾಜಿನ ಮೇಲೆ ತೆಳುವಾದ ಫೋಮ್ ಹಾಳೆ ಇಟ್ಟು ಅವನ್ನೇ ಮೊದಲು ಕೂರಿಸಿ, ಆಮೇಲೆ ತಳಹಾಸನ್ನು ಸುರಿಯಿರಿ. ಮರಳಿನ ಮೇಲೆ ಕೂರಿಸಿದ ಕಲ್ಲು, ಮೀನು ಬುಡ ಕೆದಕಿದಾಗ ಉರುಳುತ್ತದೆ. ಮಣ್ಣಿನ ಪದರವನ್ನು ಮುಂದಿನ ಗಾಜಿನಿಂದ ಎರಡು ಸೆಂಟಿಮೀಟರ್ ಹಿಂದಕ್ಕೇ ನಿಲ್ಲಿಸಿ, ಆ ಅಂಚನ್ನು ಮರಳಿನಿಂದ ತುಂಬಿಸಿದರೆ ಗಾಜಿಗೆ ತಾಗಿದ ಮಣ್ಣಿನಲ್ಲಿ ಪಾಚಿ ಬೆಳೆಯುವುದು ತಪ್ಪುತ್ತದೆ. ಮಣ್ಣನ್ನು ಹಾಸಿದ ಮೇಲೆ ಕೆಸರಿನ ಹದಕ್ಕೆ ನೀರು ಹಾಕಿ ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿ, ಅನಂತರ ಮರಳು ಮುಚ್ಚಬೇಕು. ನೀರು ತುಂಬುವಾಗ ತಳದ ಮೇಲೆ ಒಂದು ಊಟದ ತಟ್ಟೆ ಇಟ್ಟು, ಸಣ್ಣ ಕೊಳವೆಯಿಂದ ಅದರ ಮೇಲೆ ಬಿಡಿ. ಎರಡಡಿ ತೊಟ್ಟಿ ತುಂಬಲು ಅರ್ಧ ಗಂಟೆ ಹಿಡಿಯಲಿ, ಅವಸರಪಟ್ಟರೆ ಎರಡು ವಾರದ ದುಡಿಮೆ ಕದಡಿಹೋಗುತ್ತದೆ. ಗಿಡಗಳನ್ನು ಮೊದಲ ದಿನವೇ ಒತ್ತಾಗಿ ನೆಡುವುದು ಮಣ್ಣಿನ ತೊಟ್ಟಿಯಲ್ಲಿ ಅತ್ಯಗತ್ಯ. ಬೇರುಗಳಿಲ್ಲದ ಮಣ್ಣೇ ಕೊಳೆಯುವುದು.

ಕೆಲವು ತಿಂಗಳ ಬಳಿಕ ಕಡ್ಡಿಯಿಂದ ಚುಚ್ಚಿದಾಗ ಗುಳ್ಳೆಗಳು ಏಳುವುದು ಸಾಮಾನ್ಯ. ವಾಸನೆಯಿಲ್ಲದಿದ್ದರೆ ಚಿಂತೆಯಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಆ ಜಾಗವನ್ನು ವಾರಕ್ಕೊಮ್ಮೆ ಮೆಲ್ಲಗೆ ಚುಚ್ಚಿ ಅನಿಲ ಬಿಡಿಸಿ, ಅಲ್ಲೊಂದು ಕ್ರಿಪ್ಟೊಕೊರೈನ್ ನೆಡಿ. ಮರಳಿನೊಳಗೆ ತೆವಳುವ ಮಲೇಷಿಯನ್ ಟ್ರಂಪೆಟ್ ಬಸವನಹುಳುಗಳು ಈ ಕೆಲಸವನ್ನು ತಾವಾಗಿ ಮಾಡಿಕೊಡುತ್ತವೆ, ಆದರೆ ಆಹಾರ ಹೆಚ್ಚು ಹಾಕುವವರ ತೊಟ್ಟಿಯಲ್ಲಿ ಅವು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ.

ಮರಳಿನ ತಳವನ್ನು ಗಿಡಗಳಿಲ್ಲದ ಕಡೆ ಮಾತ್ರ ಸೈಫನ್ನಿನಿಂದ ಮೇಲುಮೇಲೆ ಶುಚಿ ಮಾಡಿ. ಅಕ್ವಾಸಾಯಿಲ್ ಒಂದೂವರೆಯಿಂದ ಮೂರು ವರ್ಷಗಳಲ್ಲಿ ಕಾಳು ಕರಗಿ ಕೆಸರಾಗತೊಡಗುತ್ತದೆ. ಆ ಹೊತ್ತಿಗೂ ಗಿಡಗಳು ಚೆನ್ನಾಗಿದ್ದರೆ ಗುಳಿಗೆ ಇಡುತ್ತ ಮುಂದುವರಿಸಬಹುದು, ಬೆಳವಣಿಗೆ ನಿಂತಿದ್ದರೆ ತೆಗೆದು ಹೊಸದು ಹಾಕಬೇಕು. ತೆಗೆದ ಮಣ್ಣನ್ನು ಚರಂಡಿಗೋ ಕೆರೆಗೋ ಸುರಿಯದೆ, ಅದರಲ್ಲಿನ ಬಸವನಹುಳು ಮತ್ತು ಗಿಡದ ತುಂಡುಗಳು ಸಾಯುವಷ್ಟು ಬಿಸಿಲಿನಲ್ಲಿ ಒಣಗಿಸಿ, ತುಳಸಿ, ಮಲ್ಲಿಗೆಯ ಕುಂಡಗಳಿಗೆ ಬೆರೆಸಿ.